ಮೊಲದ ಲೆಕ್ಕ ಕೊಡದ ಮೆಷಿನ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಆಗಲೇ ಗುಡುಗುಡು ಎನ್ನುತ್ತಿವೆ. ಒಂದು ಯಂತ್ರ ನಿಂತ ಕೂಡಲೇ ಆಕೆ ಅದರ ಬಾಯಿ ತೆರೆದು, ಒಂದಕ್ಕೊಂದು ಸುತ್ತಿಕೊಂಡ ಒದ್ದೆ ಬೆಡ್‌ಶೀಟುಗಳನ್ನು ಎಳೆಯತೊಡಗುತ್ತಾರೆ. ನೀರು ಕುಡಿದ ಬಟ್ಟೆಯ ಭಾರ ಎಷ್ಟೆಂದು ಎತ್ತಿದವರಿಗೇ ಗೊತ್ತು. ವಯಸ್ಸು ಐವತ್ತು ದಾಟಿದೆ. ಬಗ್ಗುವ ಮೊದಲು ಪ್ರತಿ ಸಲವೂ ಮೊಣಕಾಲನ್ನು ಒಮ್ಮೆ ಒತ್ತಿಕೊಳ್ಳುತ್ತಾರೆ. "ಇದು ಗಟ್ಟಿ ಮೈಯವರ ಕೆಲಸ. ನನಗೆ ಶಿಕ್ಷೆ ಅಂತ ಕೊಟ್ಟಿದಾರೆ. ಆದ್ರೆ ಕೇಳಿ ತಗೊಂಡ ಹಾಗೇ ಬಿಡಿ," ಎನ್ನುತ್ತಾರೆ.

ಒಂದು ವರ್ಷದ ಹಿಂದಿನವರೆಗೂ ಅವರ ಜಾಗ ಆಚೆ ಬದಿಯ ಮಡಚುವ ಮೇಜು. ಅಲ್ಲಿ ಕುರ್ಚಿಯುಂಟು, ಫ್ಯಾನುಂಟು, ಕಾಲ ಕೆಳಗೆ ನೀರಿಲ್ಲ. ಮಡಚುವುದರಲ್ಲಿ ಅವರದು ಎತ್ತಿದ ಕೈ. ಇಬ್ಬರು ಎದುರುಬದುರು ನಿಂತು ಮಡಚುವ ಬೆಡ್‌ಶೀಟನ್ನು ಅವರು ಒಂದಂಚನ್ನು ಗದ್ದದ ಕೆಳಗೆ ಒತ್ತಿಹಿಡಿದು ಒಬ್ಬರೇ ಮಡಚಿ ಎಸೆಯುತ್ತಿದ್ದರು. ಯಾರು ಎಷ್ಟು ಮಡಚಿದರೆಂದು ಸಂಜೆ ಸೂಪರ್ವೈಸರ್ ಗೋಡೆಯ ಬೋರ್ಡಿನಲ್ಲಿ ಬರೆಯುತ್ತಾನೆ. ಅವರ ಅಂಕಿ ಯಾವಾಗಲೂ ಎಲ್ಲರಿಗಿಂತ ಮೇಲೆ. ಹಾಗೆ ಬಂದ ಹೆಸರು ಮೆಷಿನ್ ಅಕ್ಕ. "ಅದು ಬೈಗುಳ ಅಂತ ಆಗ ಹೊಳೀಲಿಲ್ಲ. ಬಿರುದು ಅಂದ್ಕೊಂಡು ಉಬ್ಬಿಹೋಗಿದ್ದೆ," ಎಂದು ನಗುತ್ತಾರೆ. ಹೊಗಳಿ ಹೊನ್ನಶೂಲಕ್ಕೇರಿಸುವ ವಿದ್ಯೆ ನಮ್ಮ ಮೇಲಧಿಕಾರಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಮನೆಯಲ್ಲಿದ್ದವಳು ಒಬ್ಬಳೇ ತಂಗಿ. ಬೆನ್ನಿನ ಕಾಯಿಲೆಯಿಂದ ವರ್ಷಗಟ್ಟಲೆ ಮಂಚದಲ್ಲೇ ಇದ್ದಳು. ಚಿಕ್ಕಂದಿನಲ್ಲಿ ಅಮ್ಮ ಕೆಲಸಕ್ಕೆ ಹೋದಾಗ ಈ ತಂಗಿಯ ಅಳು ನಿಲ್ಲಿಸಲು ಅಕ್ಕ ಟವೆಲಿನಲ್ಲಿ ಮೊಲ ಮಾಡುತ್ತಿದ್ದರಂತೆ. ಎರಡೂ ಬದಿಯಿಂದ ಸುತ್ತಿ, ನಡುವೆ ಬಗ್ಗಿಸಿ, ತುದಿ ಎಳೆದರೆ ಕಿವಿ. ಮೊಲ ಆಯಿತು, ಆಮೆ ಆಯಿತು, ಹೆಸರೇ ಇಲ್ಲದ ಪ್ರಾಣಿಗಳೂ ಆದವು. ಹದಿನೇಳಕ್ಕೆ ಆಸ್ಪತ್ರೆ ಕೆಲಸ ಸಿಕ್ಕ ಮೇಲೆ ಟವೆಲ್ ಬರೀ ಟವೆಲ್ ಆಗಿ ಉಳಿಯಿತು.

ಕೆಲಸದ ಚಾಳಿ ಮನೆಗೂ ಬಂತು. ಮಂಚದ ಪಕ್ಕ ಹಾದಾಗಲೆಲ್ಲ ಹೊದಿಕೆಯ ಸುಕ್ಕು ತೆಗೆಯುವುದು, ಅಂಚು ಸರಿಮಾಡುವುದು. "ನನ್ನನ್ನೂ ನಾಲ್ಕು ಮಡಿಕೆ ಮಾಡಿ ಕಪಾಟಲ್ಲಿ ಇಟ್ಬಿಡೇ ಅಕ್ಕಾ," ಎಂದು ತಂಗಿ ಅಣಕಿಸುತ್ತಿದ್ದಳು. ಕೊನೆಯ ತಿಂಗಳುಗಳಲ್ಲಿ ಅವಳದು ಒಂದೇ ಬೇಡಿಕೆ. "ಅಕ್ಕಾ, ಆ ಮೊಲ ಮಾಡಿಕೊಡೇ. ಯಾವ ಕೆಲಸಕ್ಕೂ ಬಾರದ್ದು ಏನಾದ್ರೂ ಒಂದು ಮಾಡೇ." ಅಕ್ಕನ ಉತ್ತರವೂ ಒಂದೇ: "ಆಮೇಲೆ ಕಣೇ."

ಒಂದು ಮಧ್ಯಾಹ್ನ ತಂಗಿ ಹೋಗಿಬಿಟ್ಟಳು. ಅಕ್ಕ ಆಗ ತಮ್ಮ ಪಾಳಿ ಮುಗಿದ ಮೇಲೂ ಎರಡನೇ ಪಾಳಿಗೆ ನಿಂತಿದ್ದರು. "ಯಾರೂ ಇರು ಅಂದಿರಲಿಲ್ಲ. ಬೋರ್ಡಲ್ಲಿ ನನ್ನ ಹೆಸರು ಮೊದಲ ಸಲ ಕೆಳಗೆ ಇಳಿದಿತ್ತು, ಅದಕ್ಕೆ ನಾನೇ ನಿಂತೆ," ಎಂದು ಹೇಳಿ ಅವರು ಯಂತ್ರದಿಂದ ಇನ್ನೊಂದು ಬೆಡ್‌ಶೀಟ್ ಎಳೆಯುತ್ತಾರೆ.

ವಾರ ಕಳೆದು ಕೆಲಸಕ್ಕೆ ಮರಳಿದ ದಿನ ತಪ್ಪಾಯಿತು. ಎಲ್ಲೋ ಮನಸ್ಸು, ಎಲ್ಲೋ ಕೈ. ಮಡಚಿದ ಟವೆಲುಗಳ ರಾಶಿಯ ನಡುವೆ ಒಂದು ಮೊಲ ಸೇರಿಕೊಂಡು ಮಕ್ಕಳ ವಾರ್ಡಿಗೆ ಹೋಗಿದೆ. ನರ್ಸಮ್ಮ ಅದನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿದು ಬಂದರು. ಬೈಯಲು ಬಂದದ್ದಲ್ಲ. ಇನ್ನೊಂದು ಬೇಕಂತೆ, ಇಬ್ಬರು ಮಕ್ಕಳು ಒಂದಕ್ಕೇ ಜಗಳವಾಡುತ್ತಿದ್ದಾರಂತೆ. ಆವತ್ತು ತಂಗಿ ಸತ್ತ ಮೇಲೆ ಮೊದಲ ಸಲ ಮನಸಾರೆ ಅತ್ತೆ ಎನ್ನುತ್ತಾರೆ.

ಬೆರಳು ಕೊಟ್ಟರೆ ಹಸ್ತ ನುಂಗುವವರು ಎಲ್ಲಿಲ್ಲ? ಸುದ್ದಿ ಮೇಲಿನವರೆಗೂ ಹೋಯಿತು. ದಿನಕ್ಕೆ ಐವತ್ತು ಮೊಲ ಎಂದು ಅಪ್ಪಣೆಯಾಯಿತು. ಬೋರ್ಡಿನಲ್ಲಿ ಮೊಲಕ್ಕೆಂದೇ ಹೊಸ ಸಾಲು ಬಂತು. ಕಿವಿಗಳೆಲ್ಲ ಒಂದೇ ಅಳತೆ ಇರಬೇಕೆಂದು ಸೂಪರ್ವೈಸರ್ ಸ್ಕೇಲು ಹಿಡಿದು ಬಂದನಂತೆ. ಕೆಲವು ವಾರ ಅಕ್ಕ ತುಟಿಪಿಟಕ್ ಎನ್ನದೆ ಮಾಡಿದರು. "ಮೊದಮೊದಲು ಮೊಲ ಮಾಡುವಾಗ ಅವಳ ನಗು ಕೇಳಿಸ್ತಿತ್ತು. ಆಮೇಲಾಮೇಲೆ ಮೂವತ್ತೊಂದು, ಮೂವತ್ತೆರಡು ಅಂತ ಅಷ್ಟೇ. ಒಂದಿನ ಅವಳ ಮುಖ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರ್ಲೇ ಇಲ್ಲ. ಹೆದರಿಬಿಟ್ಟೆ. ಹೋಗಿ ಹೇಳಿದೆ, ಬಟ್ಟೆ ಎಷ್ಟು ಬೇಕಾದ್ರೂ ಮಡಚ್ತೀನಿ, ಮೊಲ ಮಾತ್ರ ಆಗಲ್ಲ ಅಂತ."

ಮಾರನೆಯ ದಿನವೇ ಮೇಜಿನಿಂದ ಎಬ್ಬಿಸಿ, ಒದ್ದೆ ಬಟ್ಟೆ ಎಳೆಯುವ ಈ ಬದಿಗೆ ಹಾಕಿದರು.

ಮಕ್ಕಳಿಗೆ ಇಲ್ಲ ಎಂದದ್ದಕ್ಕೆ ಬೇಸರವಿಲ್ಲವೇ ಎಂದು ಕೇಳುತ್ತೇನೆ. "ಮಕ್ಕಳಿಗೆಲ್ಲಿ ಇಲ್ಲ ಅಂದೆ? ನರ್ಸಮ್ಮನಿಗೆ ಕಲಿಸಿದೀನಿ. ಅವರ ಮೊಲಕ್ಕೆ ಒಂದು ಕಿವಿ ಉದ್ದ, ಒಂದು ಗಿಡ್ಡ. ಮಕ್ಕಳಿಗೆ ಅದೇ ಇಷ್ಟವಂತೆ!"

ಭಾನುವಾರ ಅವರ ಒಂಟಿ ಕೋಣೆಗೆ ಹೋಗುತ್ತೇನೆ. ಒಂದು ಕಿಟಕಿ, ಒಂದು ಒಲೆ, ತಂಗಿಯ ಮಂಚ. ಹೊದಿಕೆ ಸುಕ್ಕುಸುಕ್ಕಾಗಿ ಬಿದ್ದಿದೆ. ಅಕ್ಕ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹಳೇ ಟವೆಲನ್ನು ಹಿಂಡಿ ತಿರುಚುತ್ತಾರೆ. ಆನೆಯಾಗಹೊರಟದ್ದು ಬಾತುಕೋಳಿಯಾಗುತ್ತದೆ, ಅವರೇ ಬಿದ್ದು ಬಿದ್ದು ನಗುತ್ತಾರೆ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಸಂಜೆಗೆ ಎಲ್ಲವನ್ನೂ ಬಿಡಿಸಿ ಹಾಕುವುದು ರೂಢಿ. ಫೋಟೋ ತೆಗೆಯಲು ಬಿಡಲಿಲ್ಲ. "ಪೇಪರಲ್ಲಿ ಬಂದ್ರೆ ಯಾರಾದ್ರೂ ಆರ್ಡರ್ ಕೊಟ್ಬಿಡ್ತಾರೆ," ಎಂಬುದು ಅವರ ಭಯ.

ಭಯಕ್ಕೆ ಕಾರಣವಿದೆ. ಮೊನ್ನೆ ಸೂಪರ್ವೈಸರ್ ಮತ್ತೆ ಕರೆದಿದ್ದ. ಮೊಣಕಾಲು ನೋವು ಅವನಿಗೂ ಕಾಣುತ್ತದೆ. ದಿನಕ್ಕೆ ಹತ್ತೇ ಮೊಲ ಸಾಕು, ಮೇಜು, ಕುರ್ಚಿ, ಫ್ಯಾನು ಎಲ್ಲ ವಾಪಸ್ಸು ಎಂದಿದ್ದಾನೆ. ನಾಳೆ ಉತ್ತರ ಹೇಳಬೇಕು. ಹತ್ತೇ ತಾನೇ, ಒಪ್ಪಿಕೊಳ್ಳಬಾರದೇ ಎಂದು ನನ್ನ ಬಾಯಿಂದಲೂ ಬಂದುಬಿಡುತ್ತದೆ.

ಅಕ್ಕನಿಗೆ ಸಿಟ್ಟು ಬರುವುದಿಲ್ಲ. ಟವೆಲಿನ ತುದಿ ಎಳೆಯುತ್ತಾ ಹೇಳುತ್ತಾರೆ: "ಹತ್ತು ಅಂತ ಎಣಿಸಿದ್ರೆ ಹತ್ತು ಮೊಲ ಆಗುತ್ತೆ ನೋಡಿ, ಅವಳು ಬರಲ್ಲ. ಬದುಕಿದ್ದಾಗ ಅವಳನ್ನ ಬರೀ ಕಾಯಿಸಿದೆ. ಈಗ ಅವಳ ಹತ್ರ ಬಂದು ಕೂತಿದೀನಿ. ಕುರ್ಚಿ ಬೇಕಾದ್ರೆ ಕಾಯ್ಲಿ."