ಹೂವಿನ ಮೊಳ ಅಳೆಸಿದ ಮೇಷ್ಟ್ರು

ಕೊಟ್ರೇಶ ಮೇಷ್ಟ್ರ ಕೊರಳಲ್ಲಿ ಎರಡು ವಸ್ತು ನೇತಾಡುತ್ತಿದ್ದವು. ಮೇಲೆ ಲಿಂಗದ ಕರಡಿಗೆ, ಅದರ ಕೆಳಗೆ ದಾರಕ್ಕೆ ಕಟ್ಟಿದ ಫೋನು. ಕರಡಿಗೆಯನ್ನು ಬೆಳಿಗ್ಗೆ ಒಮ್ಮೆ ಮುಟ್ಟುತ್ತಿದ್ದರು, ಫೋನನ್ನು ಹೊತ್ತು ಮುಳುಗುವವರೆಗೂ. ಹಗರಿಬೊಮ್ಮನಹಳ್ಳಿ ಬಸ್ಸಿನಿಂದ ಇಳಿದು ಶಾಲೆಗೆ ಓಡುವಾಗ ಎರಡೂ ಒಂದಕ್ಕೊಂದು ಬಡಿದು ಟಣ್ ಟಣ್ ಅನ್ನುತ್ತಿದ್ದವು. ಹಡಗಲಿ ಬಸ್‌ಸ್ಟ್ಯಾಂಡಿನ ಹೊರಗೆ ಮಲ್ಲಿಗೆ ಮಾರುತ್ತ ಕೂತ ನಾನು ತಲೆ ಎತ್ತದೆಯೇ, ಮೇಷ್ಟ್ರು ಇವತ್ತೂ ತಡ ಎಂದು ತಿಳಿದುಕೊಳ್ಳುತ್ತಿದ್ದೆ.

ಅವರು ನನ್ನ ಮೊಮ್ಮಗಳು ಸ್ಫೂರ್ತಿಗೆ ಎಂಟನೇ ಕ್ಲಾಸಿನ ಗಣಿತ ಹೇಳುತ್ತಿದ್ದರು. ಆದರೆ ಆ ಮಕ್ಕಳ ಕೈಯಲ್ಲಿ ನೋಟ್‌ಬುಕ್ಕಿಗಿಂತ ಹೆಚ್ಚು ಇರುತ್ತಿದ್ದದ್ದು ಟೇಪು, ತಕ್ಕಡಿ. ವಾರಕ್ಕೊಮ್ಮೆ ಊರಲ್ಲಿ ಏನಾದರೂ ಅಳೆಯಬೇಕು, ಇಲ್ಲವೇ ಎಣಿಸಬೇಕು. ಅದನ್ನು ಬರೆದು ಕ್ಲಾಸಿನ ಬ್ಲಾಗಿಗೆ ಹಾಕಬೇಕು. ಬ್ಲಾಗು ಅಂದರೇನು, ನೋಟ್‌ಬುಕ್ಕಿಗೆ ಏನು ರೋಗ ಬಂದಿದೆ ಎಂದು ಒಮ್ಮೆ ಕೇಳಿದೆ.

"ನೋಟ್‌ಬುಕ್ಕಾದ್ರ ತಪ್ಪು ನಾನೊಬ್ಬನ ಹಿಡೀತೀನ್ರಿ ಅಜ್ಜಿ. ಇದ್ರೊಳಗ ಊರೆಲ್ಲ ಹಿಡೀತೈತಿ" ಎಂದರು, ಅದೇನೋ ದೊಡ್ಡ ಭಾಗ್ಯ ಅನ್ನುವ ಹಾಗೆ.

ಹಿಡಿಯಲಿಕ್ಕೆ ತಮ್ಮ ತಪ್ಪನ್ನೂ ಕೊಡುತ್ತಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಏಳು ಒಂದರ ಹಾಗೆ ಕಾಣುತ್ತದೆ, ನಮ್ಮ ಲೆಕ್ಕ ತಪ್ಪುವುದಕ್ಕೆ ಅವರೇ ಕಾರಣ ಎಂದು ಸ್ಫೂರ್ತಿ ಬರೆದಿದ್ದಳು. ಬೇರೆಯವರಾಗಿದ್ದರೆ ಕಿವಿ ಹಿಂಡುತ್ತಿದ್ದರು. ಇವರು ಬೋರ್ಡಿನ ಫೋಟೊ ಸಮೇತ ಅದನ್ನು ಬ್ಲಾಗಿಗೆ ಹಾಕಿದರು. ಮೂರು ದಿನ ಊರಿನ ಅರ್ಧ ಜನ ನಕ್ಕರು. ಆಮೇಲೆ ಮೇಷ್ಟ್ರ ಏಳಕ್ಕೆ ಕುಡುಗೋಲಿನ ಹಾಗೆ ಚೆಂದದ ಕೊಕ್ಕೆ ಬಂತು.

ಇಂಥವರು ಒಂದು ದಿನ ಸರಾಸರಿಯ ಪಾಠಕ್ಕೆಂದು ಮಕ್ಕಳನ್ನು ಹೂವಿನ ಸಾಲಿಗೆ ಕರೆತಂದರು. ನಾವು ಒಂಬತ್ತು ಜನ ಹೆಂಗಸರು. ನಮ್ಮಲ್ಲಿ ಹೂವು ಮಾರುವುದು ಮೊಳದ ಲೆಕ್ಕದಲ್ಲಿ. ಮೊಳ ಅಂದರೆ ಮಾರುವವಳ ಮೊಣಕೈಯಿಂದ ಬೆರಳ ತುದಿಯವರೆಗೆ. ಮಕ್ಕಳು ಟೇಪು ಹಿಡಿದು ಒಬ್ಬೊಬ್ಬರ ಕೈಯನ್ನೂ ಅಳೆದರು. ರವಿಕೆಗೆ ಅಳತೆ ಕೊಡುವವಳ ಹಾಗೆ ನಾನೇ ನಗುತ್ತ ಕೈ ಚಾಚಿದೆ. ಬುದ್ಧಿ ಎಲ್ಲಿಗೆ ಹೋಗಿತ್ತೋ.

ಸಂಜೆಗೆ ಬ್ಲಾಗಿನಲ್ಲಿ ಪಟ್ಟಿ ಬಂತು, ಹೆಸರು ಸಮೇತ. ಎಲ್ಲಕ್ಕಿಂತ ಮೇಲೆ ಪಕ್ಕದ ಗಂಗಮ್ಮ, ಹದಿನೆಂಟು ಇಂಚು. ಎಲ್ಲಕ್ಕಿಂತ ಕೆಳಗೆ ಹಾಲಮ್ಮ, ಅಂದರೆ ನಾನು, ಹದಿನಾಲ್ಕೂವರೆ. ಬರೆದವಳು ನನ್ನ ಮನೆಯಲ್ಲೇ ಉಂಡು ಬೆಳೆದ ಸ್ಫೂರ್ತಿ.

ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದ ನನ್ನ ಗಿಡ್ಡ ಕೈ ಒಂದೇ ರಾತ್ರಿಯಲ್ಲಿ ಊರಿಗೆಲ್ಲ ಗೊತ್ತಾಯಿತು. ಮರುದಿನದಿಂದ ಗಿರಾಕಿಗಳು ನನ್ನನ್ನು ದಾಟಿ ಗಂಗಮ್ಮನ ಬುಟ್ಟಿಗೆ ಹೋದರು. ನನ್ನ ಹೂವು ಬುಟ್ಟಿಯಲ್ಲೇ ಅರಳಿ, ಬಾಡಿ, ಮೂರು ದಿನ ಮನೆಯ ದೇವರ ಪಾಲಾದವು. ಗಂಗಮ್ಮ ಬೇಕೆಂದೇ ಸೆರಗು ಕೊಡವುವ ನೆವದಲ್ಲಿ ಕೈ ಚಾಚುತ್ತಿದ್ದಳು.

"ಯಾಕ ಅಕ್ಕ, ಸಪ್ಪಗದೀ? ಬೇಕಾದ್ರ ನನ್ನ ಕೈ ಕಡ ಕೊಡ್ಲೇನು?" ಎಂದಳು.

ಶುಕ್ರವಾರ ನಾನು ಏಳು ಜನರನ್ನು ಕಟ್ಟಿಕೊಂಡು ಶಾಲೆಗೆ ಹೋದೆ. ಗಂಗಮ್ಮ ಬರಲಿಲ್ಲ, ಅವಳಿಗೆ ಗಿರಾಕಿಗಳು ಬಹಳ ಇದ್ದರು. ನಮ್ಮ ಗದ್ದಲಕ್ಕೆ ಹೆಡ್‌ಮೇಷ್ಟ್ರು ಬೆವರಿದರು. ಪಟ್ಟಿ ಅಳಿಸಬೇಕು, ಪಟ್ಟಿಯಷ್ಟೇ ಅಲ್ಲ, ಬ್ಲಾಗನ್ನೇ ಮುಚ್ಚಬೇಕು ಎಂದರು. ಕೊಟ್ರೇಶ ಮೇಷ್ಟ್ರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ಬೆಕ್ಕಿನ ಬಾಯಿಂದ ಬಿಡಿಸಿ ತಂದ ಗುಬ್ಬಿಮರಿ ಹಿಡಿದವರ ಹಾಗೆ.

"ಮುಚ್ಚತೀನ್ರಿ" ಎಂದರು. "ಆದ್ರ ಹುಡುಗ್ರ ಅಳತಿಯೊಳಗ ತಪ್ಪು ಎಲ್ಲೈತಿ, ಅಷ್ಟು ಹೇಳಿ ಹೋಗ್ರಿ ಅಜ್ಜಿ."

ಬಯ್ಯುವುದಕ್ಕೆ ಹೋದವಳನ್ನು ಹೀಗೆ ಮರ್ಯಾದೆಯಿಂದ ಕೇಳಿದರೆ ಏನು ಮಾಡುವುದು? ಬಾಯಿಗೆ ಬಂದದ್ದನ್ನು ಹೇಳಿದೆ: "ಕೈ ಅಳದ್ರಿ, ಹೂವು ಎಣಿಸಿದ್ರೇನು? ಆ ಗಂಗಿ ಹೂವಿಗೂ ಹೂವಿಗೂ ನಡುವ ಎಮ್ಮಿ ಹಾಯ್ತೈತಿ. ನಾನು ಒತ್ತಿ ಕಟ್ಟತೀನ್ರಿ."

ಮೇಷ್ಟ್ರ ಮುಖ ಬೆಳಗಿತು. "ಸ್ಫೂರ್ತಿ, ಇದನ್ನ ಪಟ್ಟಿ ಕೆಳಗ ಬರಿ. ಅಜ್ಜಿ ಹೆಸರು ಹಾಕು" ಎಂದರು. ಎಮ್ಮೆಯನ್ನೂ ಬಿಡದೆ ಬರೆಸಿದರು. ಸೋಮವಾರ ಮಕ್ಕಳು ಬಂದು ಹೂವು ಎಣಿಸುವುದು, ಆಮೇಲೂ ನಾವು ಒಪ್ಪದಿದ್ದರೆ ಬ್ಲಾಗು ಮುಚ್ಚುವುದು ಎಂದು ತೀರ್ಮಾನವಾಯಿತು.

ಈಗ ನಿಜ ಹೇಳುತ್ತೇನೆ. ನಾನು ಒತ್ತಿ ಕಟ್ಟುತ್ತಿರಲಿಲ್ಲ. ಗಂಗಮ್ಮನ ಸಂದಿನಲ್ಲಿ ಎಮ್ಮೆ ಹಾಯ್ದರೆ ನನ್ನದರಲ್ಲಿ ಕರುವಾದರೂ ಹಾಯುತ್ತಿತ್ತು. ಆದರೆ ಸೋಮವಾರ ಬೆಳಿಗ್ಗೆ ಇರುವೆಗೂ ದಾರಿ ಬಿಡದ ಹಾಗೆ ಕಟ್ಟಿದೆ. ಮಕ್ಕಳು ಎಣಿಸಿದರು. ಗಂಗಮ್ಮನ ಮೊಳಕ್ಕೆ ನಲವತ್ತೆರಡು ಹೂವು, ನನ್ನದಕ್ಕೆ ಐವತ್ತೊಂದು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಯಾರ ಮೊಗ್ಗು ದಪ್ಪ, ಯಾರ ಹೂವು ಮರುದಿನಕ್ಕೂ ಬಾಡುವುದಿಲ್ಲ, ಯಾರು ಕೊಸರು ಹೆಚ್ಚು ಕೊಡುತ್ತಾರೆ ಎಂದು ಪಟ್ಟಿಗೆ ಸಾಲು ಮೇಲೆ ಸಾಲು ಸೇರಿಸಿದರು. ಒಂಬತ್ತು ಜನರಲ್ಲಿ ಒಬ್ಬೊಬ್ಬರೂ ಯಾವುದಾದರೊಂದರಲ್ಲಿ ಮೊದಲು ಬರುವವರೆಗೆ ನಿಲ್ಲಿಸಲಿಲ್ಲ. ಏನೂ ಸಿಗದ ಒಬ್ಬಳಿಗೆ 'ಕೂಗು ಬಹಳ ದೂರ ಕೇಳುತ್ತದೆ' ಎಂಬ ಸಾಲು ಹಾಕಿದರು. ಅದನ್ನೂ ಟೇಪು ಹಿಡಿದೇ ಅಳೆಸಿದ್ದರು. ನಾವೆಲ್ಲ ಒಪ್ಪಿದೆವು, ಬ್ಲಾಗು ಉಳಿಯಿತು. ಗಿರಾಕಿಗಳು ಹಿಂದಿರುಗಿದರು.

ಹೋದ ವರ್ಷ ಮೇಷ್ಟ್ರಿಗೆ ನೀಲಗುಂದದ ಕಡೆಗೆ ವರ್ಗವಾಯಿತು. ಕೊನೆಯ ದಿನ ಮನೆಯವರಿಗೆಂದು ಒಂದು ಮೊಳ ಕೊಂಡು, ಬಾಳೆಲೆಯಲ್ಲಿ ಕಟ್ಟಿಸಿಕೊಂಡು, ಮೆಲ್ಲಗೆ ಹೇಳಿದರು: "ಆ ಸೋಮವಾರದ ಹಿಂದಿನ ಶನಿವಾರಾನೂ ನಿಮ್ಮ ಹತ್ರನ ಒಂದು ಮೊಳ ಒಯ್ದಿದ್ದೆ. ಬಸ್ಸಿನಾಗ ಕುಂತು ಎಣಿಸಿದೆ. ಮೂವತ್ನಾಕು ಇದ್ವು."

ನಾನು ಬುಟ್ಟಿಯೊಳಗೆ ಏನೋ ಹುಡುಕುವವಳ ಹಾಗೆ ಬಗ್ಗಿದೆ. ಎಷ್ಟು ಹೊತ್ತು ಬಗ್ಗುವುದು? "ಮತ್ತ ಯಾಕ ಬರೀಲಿಲ್ರಿ?" ಎಂದೆ.

"ಬ್ಲಾಗು ಹುಡುಗ್ರದು. ಅವ್ರು ಎಣಿಸಿದ್ದು ಸೋಮವಾರದ್ದು. ಬರೆಯೋದಾದ್ರ ನೀವ ಬರೀರಿ ಅಜ್ಜಿ."

ಬಸ್ಸು ಬಂತು, ಹತ್ತಿ ಹೋದರು.

ಆ ಒಂದು ಮಾತಿಗಾಗಿ ಸ್ಫೂರ್ತಿಯ ಕೈಯಲ್ಲಿ ಬೈಸಿಕೊಂಡು ಫೋನಿನಲ್ಲಿ ಟೈಪು ಕಲಿತೆ. ಆರು ವಾರ ಹಿಡಿಯಿತು. ಪಟ್ಟಿಯ ಕೆಳಗೆ ನಾನೇ ಬರೆದೆ: 'ಶನಿವಾರ ಮೂವತ್ತನಾಲ್ಕು ಇದ್ದವು. ಸೋಮವಾರ ನಾನು ಬೇಕಂತ ಒತ್ತಿ ಕಟ್ಟಿದೆ. ಹಾಲಮ್ಮ.' ಕಳಿಸಿದರೆ, ಬ್ಲಾಗಿನವರು ಒಪ್ಪಿದ ಮೇಲೆ ಇದು ಕಾಣಿಸುತ್ತದೆ ಎಂದು ಬಂತು. ಊರು ಬಿಟ್ಟರೂ ಒಪ್ಪಬೇಕಾದವರು ಮೇಷ್ಟ್ರೇ.

ಐದು ತಿಂಗಳಾಯಿತು, ಒಪ್ಪಿಲ್ಲ. ಎಮ್ಮೆಯನ್ನು ಬಿಡದೆ ಹಾಕಿದವರು ಇದೊಂದನ್ನು ತಡೆದು ಕೂತಿದ್ದಾರೆ. ನೋಡಿಲ್ಲ ಅನ್ನುವಂತಿಲ್ಲ, ಮೊನ್ನೆ ಸ್ಫೂರ್ತಿಗೆ ಫೋನು ಮಾಡಿ, ನಿಮ್ಮಜ್ಜಿ ಟೈಪು ಚೆಂದ ಮಾಡ್ತಾಳ ಎಂದರಂತೆ. ಹಾಗಾಗಿ ಪಟ್ಟಿಯಲ್ಲಿ ಇವತ್ತಿಗೂ ನನ್ನ ಹೆಸರಿನ ಮುಂದೆ ಐವತ್ತೊಂದೇ ಇದೆ. ಅದನ್ನು ನಂಬಿ ಬರುವ ಗಿರಾಕಿಗೆ ಮೂವತ್ತನಾಲ್ಕು ಕೊಡಲು ಕೈ ಬರುವುದಿಲ್ಲ. ದಿನಾ ಒತ್ತೊತ್ತಾಗಿ ಕಟ್ಟುತ್ತೇನೆ, ಮೇಷ್ಟ್ರನ್ನು ಬಯ್ಯುತ್ತ.