ಆಷಾಢದ ನೆರಳು ಯಾವ ಕಡೆ?

ಯಾರಾದರೂ ದಾರಿ ಕೇಳಿದರೆ ನನಗೆ ಈಗಲೂ ಥಟ್ಟನೆ ಕೈ ಚಾಚಲು ಆಗುವುದಿಲ್ಲ. ಯಾದಗಿರಿ ಸ್ಟೇಷನ್ನಿನ ಮುಂದೆ ನಿಂತಿರುವಾಗ ಯಾರೋ ಮುದುಕರು ಬಂದು “ಮುದನಾಳಕ್ಕ ಯಾ ಕಡಿಂದ ಹೋಗ್ಬೇಕ್ರಿ?” ಎನ್ನುತ್ತಾರೆ. ದಾರಿ ನನಗೆ ಚೆನ್ನಾಗಿ ಗೊತ್ತು. ಆದರೂ ಮೊದಲು ನನ್ನ ನೆರಳು ಎತ್ತ ಬಿದ್ದಿದೆ ಎಂದು ನೋಡಿಕೊಳ್ಳುತ್ತೇನೆ. ಆಮೇಲೆ ಗಾಳಿ ಎತ್ತಲಿಂದ ಬರುತ್ತಿದೆ ಎಂದು ಕೆನ್ನೆ ತಿರುಗಿಸುತ್ತೇನೆ. ಅಷ್ಟರಲ್ಲಿ ಮುದುಕರು ಪಕ್ಕದ ಚಹಾದಂಗಡಿಯವನನ್ನು ಕೇಳಿಕೊಂಡು ಹೊರಟುಬಿಟ್ಟಿರುತ್ತಾರೆ. ಇದನ್ನು ಕಂಡ ನನ್ನ ವಿದ್ಯಾರ್ಥಿಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಗಲಿ. ನಾನು ಅವರಿಗೆ ಶಾಲೆಯಲ್ಲಿ ಕಲಿಸುವ ವಿಷಯ ಭೂಗೋಳ.

ಭೂಗೋಳವನ್ನು ನಾನು ಕಲಿತದ್ದು ಹೈದರಾಬಾದಿನ ಕಾಲೇಜಿನಲ್ಲಿ, ಉರ್ದುವಿನಲ್ಲಿ. ಅಲ್ಲಿ ಅಕ್ಷಾಂಶಕ್ಕೆ ‘ಅರ್ಜ್ ಬಲದ್’ ಎನ್ನುತ್ತಿದ್ದರು, ರೇಖಾಂಶಕ್ಕೆ ‘ತೂಲ್ ಬಲದ್’. ಎಂದರೆ ಊರಿನ ಅಗಲ, ಊರಿನ ಉದ್ದ. ಮೊದಲ ರಜೆಗೆ ಶಹಾಪುರಕ್ಕೆ ಬಂದು ಇದನ್ನು ಹೆಮ್ಮೆಯಿಂದ ಹೇಳಿದಾಗ ನಮ್ಮ ಸೋದರಮಾವ ಅಂಗಡಿಯ ಗಾದಿಯ ಮೇಲೆ ಕೂತು ಬಟ್ಟೆ ಅಳೆಯುತ್ತಿದ್ದರು. ಗಜ ಕೆಳಗಿಟ್ಟು ನನ್ನನ್ನು ನೋಡಿದರು. “ಊರಿನ ಅಗಲಾ ಕಲಿಯಾಕ ಹೈದರಾಬಾದಿಗಿ ಹೋಗಿದ್ಯೇನೋ? ಈ ಅಗಸಿ ಬಾಗಲಿಂದ ಆ ಅಗಸಿ ಬಾಗಲಿಗಿ ನಡದಿದ್ರ ಸಂಜಿಯೊಳಗ ಗೊತ್ತಾಗ್ತಿತ್ತಲ್ಲ!” ಎಂದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ನಾನು ಮಾತ್ರ ನಗಲಿಲ್ಲ. ಮೊದಲ ವರ್ಷದ ಕಾಲೇಜು ಹುಡುಗರು ನಗುವುದಿಲ್ಲ.

ಆದರೆ ಅಕ್ಷಾಂಶ ಎನ್ನುವುದು ನಿಜಕ್ಕೂ ಚಂದದ ವಿಷಯ. ನಮ್ಮ ಯಾದಗಿರಿ ಹದಿನಾರೂ ಮುಕ್ಕಾಲು ಡಿಗ್ರಿಯ ಮೇಲಿದೆ. ಅದೇ ಗೆರೆಯನ್ನು ಬೆರಳಿನಿಂದ ಹಿಡಿದು ಪಡುವಲಕ್ಕೆ ಹೋದರೆ, ಸಮುದ್ರ ದಾಟಿ, ಆಫ್ರಿಕದ ಮರಳಿನಲ್ಲಿ ಟಿಂಬಕ್ಟು ಸಿಗುತ್ತದೆ. ಮೂಡಲಕ್ಕೆ ಹೋದರೆ ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ ರಂಗೂನು. ಟಿಂಬಕ್ಟುವಿನಲ್ಲಿ ಮಳೆ ಬಂದರೆ ಅದೊಂದು ಸುದ್ದಿ. ರಂಗೂನಿನಲ್ಲಿ ಮಳೆ ನಿಂತರೆ ಸುದ್ದಿ. ನಾವು ನಡುವೆ, ಜೋಳ ತೊಗರಿ ಬಿತ್ತಿಕೊಂಡು, ಎರಡೂ ಸುದ್ದಿಗೆ ಕಾಯುತ್ತ ಕೂತಿದ್ದೇವೆ. ಮೂರೂರಿಗೂ ಸೂರ್ಯ ಒಬ್ಬನೇ, ಒಂದೇ ಕೋನ. ಆದರೂ ಯಾರಿಗೆ ಕೊಡೆ, ಯಾರಿಗೆ ಒಂಟೆ ಎಂಬುದನ್ನು ತೀರ್ಮಾನಿಸುವುದು ಬೇರೆ ಯಾರೋ. ಪಡುವಣ ಸಮುದ್ರದಿಂದ ಹೊರಟ ಮೋಡ ರತ್ನಾಗಿರಿಯಲ್ಲಿ ಕೊಡಗಟ್ಟಲೆ ಸುರಿದು, ಘಟ್ಟ ಹತ್ತಿ, ಕೊಲ್ಲಾಪುರದಲ್ಲಿ ಇನ್ನಷ್ಟು ಚೆಲ್ಲಿ, ವಿಜಾಪುರ ದಾಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಬರೀ ಗಾಳಿಯಾಗಿರುತ್ತದೆ. ಆಷಾಢದಲ್ಲಿ ಆ ಗಾಳಿ ಪಡುವಲಿಂದ ಒಂದೇ ಸಮ ಬೀಸುತ್ತದೆ. ನನ್ನ ಕಾಲೇಜಿನ ನಕಾಶೆಯಲ್ಲಿ ಅದನ್ನು ನೀಲಿ ಬಾಣಗಳಾಗಿ ಬರೆದಿದ್ದೆ. ಬಾಣಗಳು ಬಹಳ ನೀಟಾಗಿವೆ ಎಂದು ಪ್ರೊಫೆಸರರು ಹೊಗಳಿದ್ದರು.

ರೇಖಾಂಶದ ಕಥೆ ಬೇರೆ. ಅಕ್ಷಾಂಶವನ್ನು ಸೂರ್ಯ ಕೊಡುತ್ತಾನೆ, ರೇಖಾಂಶವನ್ನು ಮನುಷ್ಯರು ಕೂತು ಮಾತಾಡಿ ಗೊತ್ತುಮಾಡಿಕೊಳ್ಳುತ್ತಾರೆ. ನಮ್ಮ ಹಳೆಯ ಜ್ಯೋತಿಷಿಗಳು ಸೊನ್ನೆಯನ್ನು ಉಜ್ಜಯಿನಿಯ ಮೇಲೆ ಇಟ್ಟಿದ್ದರು. ಅದು ಹಾಗೇ ಉಳಿದಿದ್ದರೆ ಶಹಾಪುರ ಲೋಕದ ಸೊನ್ನೆಯಿಂದ ಒಂದೇ ಡಿಗ್ರಿ ದೂರದ ಊರಾಗಿ ಮೆರೆಯುತ್ತಿತ್ತು. ಇಂಗ್ಲಿಷರು ಸೊನ್ನೆಯನ್ನು ತಮ್ಮೂರಿಗೆ ಒಯ್ದರು. ನಾವು ಎಪ್ಪತ್ತೇಳಾದೆವು. ಗಡಿಯಾರವೋ, ಎಂಬತ್ತೆರಡೂವರೆಯ ಮಾತು ಕೇಳುತ್ತದೆ. ಅಲಹಾಬಾದಿನ ಕಡೆ ನಡುಹಗಲಾದಾಗ ನಮ್ಮ ಗಡಿಯಾರ ಹನ್ನೆರಡು ಹೊಡೆಯುತ್ತದೆ. ನಮ್ಮ ಸೂರ್ಯ ಇನ್ನೂ ದಾರಿಯಲ್ಲಿರುತ್ತಾನೆ. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಮಾರ್ಕು ತೆಗೆದಿದ್ದೆ. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ಎಲ್ಲಿ ಹೋಗಿ ಅಡಗುತ್ತದೆ ಎಂಬುದನ್ನು ಮಾತ್ರ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ನಿಜಾಮನ ಸಂಸ್ಥಾನ ಹಿಂದೂಸ್ತಾನಕ್ಕೆ ಸೇರುವುದೋ ಬಿಡುವುದೋ ಎಂದು ಎಲ್ಲರೂ ಉಸಿರು ಹಿಡಿದಿದ್ದ ವರ್ಷ ಅದು. ಸೇರಬೇಕು ಎಂದು ಕೂಗಿ ಕಾಲೇಜು ಬಿಟ್ಟ ಹುಡುಗರಲ್ಲಿ ನಾನೂ ಒಬ್ಬ. ಕೂಗಿದ್ದು ಒಂದೇ ದಿನ, ಅದೂ ಹಿಂದಿನ ಸಾಲಿನಲ್ಲಿ ನಿಂತು. ಆದರೆ ಊರಿಗೆ ಬಂದಮೇಲೆ ಕೋವಿ ಹಿಡಿದ ಖಾಕಿ ಅಂಗಿಯವರು ಮಾವನ ಅಂಗಡಿಗೆ ಬಂದು “ಕಾಲೇಜ್‌ವಾಲಾ ಕಹಾಂ ಹೈ?” ಎಂದು ಕೇಳಿ ಹೋದರು. ಅವರು ಸರ್ಕಾರದವರಲ್ಲ, ಸರ್ಕಾರ ಕಣ್ಣುಮುಚ್ಚಿ ಬಿಟ್ಟವರು. ಎರಡನೆಯ ಸಲ ಬಂದಾಗ ಅವರು ಏನೂ ಕೇಳಲಿಲ್ಲ. ಸುಮ್ಮನೆ ನಿಂತು ಬಟ್ಟೆಯ ಥಾನುಗಳನ್ನು ಕೋವಿಯ ತುದಿಯಿಂದ ಒಂದೊಂದಾಗಿ ಕೆಳಗೆ ಉರುಳಿಸಿ ಹೋದರು. ಮಾವ ಆ ದಿನ ಊಟ ಮಾಡಲಿಲ್ಲ. “ಗಡಿ ದಾಟು. ಅಕ್ಕನ್ನೂ ಕರಕೊಂಡು ಹೋಗು” ಎಂದರು.

ಅಕ್ಕ ನೀಲಮ್ಮನ ಗಂಡ ಮೊದಲೇ ಮುಂಬಯಿ ಸರ್ಕಾರದ ಸೀಮೆಗೆ ದಾಟಿ, ತಾಳಿಕೋಟೆಯ ಆಚೆ ಒಂದು ಶಿಬಿರದಲ್ಲಿದ್ದರು. ಅಕ್ಕನ ಕೈಯಲ್ಲಿ ಆಗಿನ್ನೂ ಕೂರಲು ಬಾರದ ಹೆಣ್ಣುಕೂಸು. ಮೂವರೂ ಒಂದು ಎತ್ತಿನ ಗಾಡಿಯಲ್ಲಿ ಸುರಪುರ ದಾಟಿ ಪಡುವಲಕ್ಕೆ ಹೋದೆವು. ಗಡಿಯ ಸುಂಕದ ನಾಕಾ ಇನ್ನೂ ದೂರವಿರುವಾಗ ಗಾಡಿಯವನು ನಮ್ಮನ್ನು ಇಳಿಸಿದ. ನಾಕಾದಲ್ಲಿ ಖಾಕಿಯವರೂ ಠಾಣೆ ಹೂಡಿದ್ದಾರೆ, ರಾತ್ರಿ ಎಚ್ಚರವಾಗಿರುತ್ತಾರೆ, ನಡುಹಗಲು ಉಂಡು ಮಲಗುತ್ತಾರೆ, ಆಗಲೇ ಹೋಗಬೇಕು ಎಂದ. “ರಸ್ತಾ ಬಿಟ್ಟು ಬಡಗಣಕ್ಕ ಹಳ್ಳಾ ಅದ. ಅದರಾಗ ಇಳದು ಪಡುವಲಕ್ಕ ನಡೀರಿ. ಓದಿದವರಿದ್ದೀರಿ, ನಿಮಗೇನು ದಿಕ್ಕು ಹೇಳೋದು!” ಎಂದು ಎತ್ತು ತಿರುಗಿಸಿಕೊಂಡು ಹೋದ.

ಆ ಹಳ್ಳ ಹಾವಿನ ಹಾಗೆ ಸುತ್ತುತ್ತಿತ್ತು. ಬಹಳ ಹೊತ್ತು ನಡೆದು ಮೇಲೆ ಹತ್ತಿ ನೋಡಿದರೆ ನಾಲ್ಕೂ ಕಡೆ ಒಂದೇ ಕರಿ ಹೊಲ. ಗಿಡವಿಲ್ಲ, ಗುಡ್ಡವಿಲ್ಲ. “ಈಗ ಯಾ ಕಡಿ?” ಎಂದಳು ಅಕ್ಕ. ನಾನು ಕೈಗಡಿಯಾರ ನೋಡಿದೆ. ಸರಿಯಾಗಿ ಹನ್ನೆರಡು. ಪುಸ್ತಕದ ಸಾಲು ಕಣ್ಣ ಮುಂದೆ ಬಂತು: ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಉತ್ತರಕ್ಕೆ ಬೀಳುತ್ತದೆ. ಗೇಣುದ್ದದ ನೆರಳು ಕಾಲ ಬಳಿ ಬಿದ್ದಿತ್ತು. ಅದು ಉತ್ತರ, ಅದನ್ನು ಬಲಕ್ಕೆ ಇಟ್ಟುಕೊಂಡರೆ ಮುಂದಿರುವುದು ಪಡುವಲು. “ಈ ಕಡಿ” ಎಂದು ಕೈ ಚಾಚಿದೆ. ಜೀವಮಾನದಲ್ಲಿ ಅಷ್ಟು ಧೈರ್ಯವಾಗಿ ನಾನು ಮತ್ತೆ ಯಾವತ್ತೂ ಕೈ ಚಾಚಿಲ್ಲ.

ಆ ಪುಸ್ತಕ ಬರೆದವರ ಊರಿನಲ್ಲಿ ಸೂರ್ಯ ಯಾವಾಗಲೂ ತೆಂಕಣಕ್ಕೇ ಇರುತ್ತಾನೆ. ನಮ್ಮೂರಿನಲ್ಲಿ ಹಾಗಲ್ಲ. ಮೇ ತಿಂಗಳ ಮೊದಲ ವಾರ ಅವನು ನಮ್ಮ ನೆತ್ತಿಯನ್ನು ದಾಟಿ ಬಡಗಣಕ್ಕೆ ಹೋಗುತ್ತಾನೆ, ಆಗಸ್ಟಿನ ಮೊದಲ ವಾರ ಮರಳುತ್ತಾನೆ. ನಡುವಿನ ಮೂರು ತಿಂಗಳು ನಡುಹಗಲಿನ ನೆರಳು ಬೀಳುವುದು ತೆಂಕಣಕ್ಕೆ. ನಾವು ಹಳ್ಳ ಹತ್ತಿದ್ದು ಆಷಾಢದಲ್ಲಿ. ಸಾಲದ್ದಕ್ಕೆ ಗಡಿಯಾರ ಅಲಹಾಬಾದಿನದು. ನಮ್ಮ ಸೂರ್ಯ ಇನ್ನೂ ಮೂಡಲಿಗೆ ವಾಲಿದ್ದ. ಹೀಗೆ ಅಕ್ಷಾಂಶ ಒಂದು ಕೈ ಕೊಟ್ಟಿತು, ರೇಖಾಂಶ ಇನ್ನೊಂದು. ಎರಡೂ ಸೇರಿ ನಾವು ಹೊರಟದ್ದು ಆಗ್ನೇಯಕ್ಕೆ. ಆಮೇಲೆ ಲೆಕ್ಕ ಹಾಕಿದರೆ, ಹಳ್ಳದಿಂದ ಮೇಲೆ ಹತ್ತಿದಾಗ ನಾವು ಗಡಿ ದಾಟಿಯೇ ಆಗಿತ್ತು. ನಿಜಾಮನ ಸೀಮೆಯಿಂದ ತಪ್ಪಿಸಿಕೊಂಡು, ಶಾಸ್ತ್ರದ ಆಧಾರದ ಮೇಲೆ ವಾಪಸು ಬಂದವನು ಬಹುಶಃ ನಾನೊಬ್ಬನೇ.

ಕೊನೆಗೆ ಒಂದು ತಗಡಿನ ಛಾವಣಿ ಕಂಡಿತು. ಅದು ನಾಕಾದ ಹಿಂಭಾಗ ಎಂದು ತಿಳಿಯುವ ಹೊತ್ತಿಗೆ ನಾವು ಕೂಗಳತೆಯ ಒಳಗೆ ಬಂದುಬಿಟ್ಟಿದ್ದೆವು. ತೆರೆದ ಬಾಗಿಲಿನಲ್ಲಿ ಮಲಗಿದವರ ಪಾದಗಳು ಸಾಲಾಗಿ ಕಾಣುತ್ತಿದ್ದವು. ಗೋಡೆಗೆ ಆನಿಸಿದ ಕೋವಿಗಳೂ ಕಂಡವು. ಆ ಪಾದಗಳು ಈಗಲೂ ನನಗೆ ಕಾಣುತ್ತವೆ. ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಸುಮ್ಮಸುಮ್ಮನೆ ಬರುತ್ತವೆ. ಅವುಗಳಲ್ಲಿ ಒಂದು ಪಾದ ನೊಣ ಓಡಿಸಲು ಅಲುಗುತ್ತದೆ. ಅಲ್ಲಿಗೆ ನನ್ನ ಮಾತು ನಿಲ್ಲುತ್ತದೆ. ಹುಡುಗರು ನಾನು ಏನೋ ಯೋಚಿಸುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಹೊರಗೆ ಗೋಡೆಯ ಪಕ್ಕ ನಾಕಾದ ಜವಾನನೊಬ್ಬ ಕೂತು ರೊಟ್ಟಿ ತಿನ್ನುತ್ತಿದ್ದ. ನರೆತ ಗಡ್ಡ. ನಮ್ಮನ್ನು ನೋಡಿದ. ಕೂಸು ಮುಖ ಹಿಂಡಿ ಅಳಲು ತಯಾರಾಗುತ್ತಿತ್ತು.

“ಎಲ್ಲಿಗವ್ವಾ, ಈ ಬಿಸಲಾಗ?” ಎಂದ, ಮೆಲ್ಲಗೆ.

“ಗಂಡನ ಮನಿಗಿ, ಕಾಕಾ” ಎಂದಳು ಅಕ್ಕ.

“ತವರು ಯಾವದು?”

“ಶಹಾಪುರ. ಅಗಸಿ ಒಳಗ, ಬೇವಿನ ಗಿಡದ ಮನಿ.”

“ಇಂವ ಯಾರು?”

“ತಮ್ಮ. ಬಾಳ ಓದ್ಯಾನ.”

ಹೇಳಬಾರದ ಮಾತುಗಳನ್ನೆಲ್ಲ ಅಕ್ಕ ಸಾಲಾಗಿ ಹೇಳಿಬಿಟ್ಟಿದ್ದಳು. ಜವಾನ ನನ್ನ ಕನ್ನಡಕ ನೋಡಿದ, ನಾವು ಬಂದ ದಿಕ್ಕು ನೋಡಿದ. “ಓದಿದ್ದು ಕಾಣ್ತದ. ಎಲ್ಲಾರೂ ಈ ಕಡಿಂದ ಆ ಕಡಿ ಓಡಾಕತ್ತಾರ. ಆ ಕಡಿಂದ ಈ ಕಡಿ ಬಂದವರನ್ನ ಇವತ್ತೇ ನೋಡಿದ್ದು” ಎಂದ. ತನ್ನ ತಂಬಿಗೆಯನ್ನು ಅಕ್ಕನ ಕಡೆ ಸರಿಸಿದ. ಅಕ್ಕ ಸೆರಗಿನ ತುದಿ ಅದ್ದಿ ಕೂಸಿನ ತುಟಿಗೆ ಇಟ್ಟಳು. ಕೂಸು ಅಳುವುದನ್ನು ಮರೆತು ಚೀಪತೊಡಗಿತು. ಜವಾನ ಒಳಗಿನ ಪಾದಗಳತ್ತ ಒಮ್ಮೆ ನೋಡಿ ರೊಟ್ಟಿ ಮುರಿದ. “ನಾ ಉಣ್ಣಾಕತ್ತೀನಿ. ಉಣ್ಣೊ ಹೊತ್ತಿನ್ಯಾಗ ನನಗ ರೊಟ್ಟಿ ಬಿಟ್ಟು ಏನೂ ಕಾಣಂಗಿಲ್ಲ” ಎಂದು ಗದ್ದ ಎತ್ತಿ ಒಂದು ಕಡೆ ತೋರಿಸಿದ. ಆ ಕಡೆಯಿಂದಲೇ ಗಾಳಿ ಬರುತ್ತಿತ್ತು. ನನ್ನ ನೀಲಿ ಬಾಣಗಳು! ಇಷ್ಟು ಹೊತ್ತೂ ಅವು ಬೆನ್ನಿಗೆ ಬಡಿಯುತ್ತಿದ್ದವು, ನಾನು ನೆಲ ನೋಡಿಕೊಂಡು ನಡೆದಿದ್ದೆ. ಗಾಳಿಗೆ ಮುಖ ಕೊಟ್ಟು ಹೋದೆವು. ಬೆನ್ನ ಹಿಂದೆ ಗುಂಡಿನ ಸದ್ದಿಗೆ ಕಾಯುತ್ತ ನಡೆಯುವವನಿಗೆ ಬೆನ್ನು ಎಷ್ಟು ಅಗಲ ಎನಿಸುತ್ತದೆ ಎಂಬುದನ್ನು ಯಾವ ಡಿಗ್ರಿಯಲ್ಲಿ ಅಳೆಯುತ್ತಾರೋ ಕಾಣೆ.

ಶಿಬಿರ ಸೇರಿದಮೇಲೂ ನಾನು ಅಕ್ಕನ ಮೇಲೆ ಸಿಟ್ಟಾಗಿದ್ದೆ. “ಖರೇ ಊರು ಯಾಕ ಹೇಳಿದಿ? ಅವ ಹೋಗಿ ಮಾವನ್ನ ಹಿಡಿಸಿದ್ರ?” ಎಂದೆ. “ನೀರು ಕೊಡೊ ಮುಂದ ಊರು ಕೇಳಿದ್ರ ಸುಳ್ಳು ಹ್ಯಾಂಗ ಹೇಳಲೋ?” ಎಂದಳು. ನೀರು ಕೊಟ್ಟದ್ದು ಆಮೇಲೆ ಎಂದು ನಾನು ವಾದಿಸಿದೆ. ಕ್ರಮ ತಪ್ಪಬಾರದು ಎನ್ನುವ ಚಟ ನನಗೆ.

ಆಗಸ್ಟಿನಲ್ಲಿ ಸೂರ್ಯ ಶಿಬಿರದ ಮೇಲಿನಿಂದಲೇ ನೆತ್ತಿ ದಾಟಿ ಹೋದ. ಸೆಪ್ಟೆಂಬರಿನಲ್ಲಿ ಸೈನ್ಯ ಬಂತು, ಸಂಸ್ಥಾನ ಸೇರಿಹೋಯಿತು. ಶಿಬಿರದ ಕೆಲಸ ಮುಗಿಸಲು ಭಾವ ಅಲ್ಲೇ ಉಳಿದರು, ನಾವು ಮೂವರೂ ಶಹಾಪುರಕ್ಕೆ ಮರಳಿದೆವು. ಈಗ ನಡುಹಗಲಿನ ನೆರಳು ಪುಸ್ತಕದಲ್ಲಿದ್ದಂತೆ ಉತ್ತರಕ್ಕೇ ಬೀಳುತ್ತಿತ್ತು. ಭಯವೂ ತನ್ನ ಬದಿ ಬದಲಿಸಿತ್ತು. ಆಷಾಢದಲ್ಲಿ ನಾವು ಓಡಿದ್ದೆವು, ಈಗ ಓಡುವವರು ಬೇರೆ. ಕೋವಿ ಹಿಡಿದವರ ಲೆಕ್ಕವನ್ನು ರೊಟ್ಟಿ ತಿನ್ನುತ್ತಿದ್ದವರ ಮನೆಗಳಲ್ಲಿ ನಮ್ಮವರು ತೀರಿಸಿಕೊಳ್ಳುತ್ತಿದ್ದರು. ದೂರದಲ್ಲಿ ಹೊಗೆ ಏಳುತ್ತಿತ್ತು. ಯಾರೂ ಯಾವ ಊರು ಎಂದು ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ಅಕ್ಕ ತೆರೆದಳು. ಆ ಜವಾನ ನಿಂತಿದ್ದ, ಹಿಂದೆ ಅವನ ಹೆಂಡತಿ. “ಬೇವಿನ ಗಿಡದ ಮನಿ ಇದೇ ಏನವ್ವಾ?” ಎಂದ. ಅವನ ಹೆಸರು ಖಾಸಿಮಸಾಬ ಎಂದು ನಮಗೆ ಆಗಲೇ ತಿಳಿದದ್ದು. ಮಾವ ಊಟ ಬಿಟ್ಟು ಎದ್ದರು. “ನೀಲಾ, ಮನಿಗಿ ಬೆಂಕಿ ಹಚ್ಚತಾರ” ಎಂದರು. ಅಕ್ಕ ಅವರಿಬ್ಬರನ್ನೂ ಬಟ್ಟೆಯ ಥಾನುಗಳಿದ್ದ ಕೋಣೆಗೆ ಬಿಟ್ಟು ಬಾಗಿಲು ಎಳೆದಳು.

ಸ್ವಲ್ಪ ಹೊತ್ತಿಗೆ ಮುಂದಿನ ಬಾಗಿಲಿಗೆ ಗುಂಪು ಬಂತು. ಗುರುತಿನ ಮುಖಗಳೇ, ಕೈಯಲ್ಲಿ ಕೊಡಲಿ. “ಯಾರರ ಈ ಕಡಿ ಬಂದಾರೇನ್ರಿ?” ಎಂದರು. ಮಾವ ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಸರಿದೆ. ಅಕ್ಕ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ರೊಟ್ಟಿ ಹಿಡಿದ ಕೈಯಲ್ಲೇ ಕಟ್ಟೆಗೆ ಹೋದಳು. “ಉಣ್ಣಾಕತ್ತೇವಪ್ಪಾ. ಉಣ್ಣೊ ಹೊತ್ತಿನ್ಯಾಗ ರೊಟ್ಟಿ ಬಿಟ್ಟು ಯಾರು ಕಾಣ್ತಾರ? ಬರ್ರಿ, ನೀವೂ ಕುಂದರ್ರಿ” ಎಂದಳು. ಊಟಕ್ಕೆ ಕರೆದವಳ ಮನೆಯನ್ನು ಕೊಡಲಿ ಹಿಡಿದು ಹುಡುಕುವುದು ಅವರಿಗೂ ಕಷ್ಟವಾಯಿತು. “ಇಲ್ಲಬಿಡ್ರಿ ಅಕ್ಕಾರ, ಆಗ್ಯಾದ” ಎಂದು ಗೊಣಗಿ ಮುಂದೆ ಹೋದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮತ್ತೆ ಬೆನ್ನು ಅಗಲವಾಗಿತ್ತು.

ಗಲಾಟೆ ತಣ್ಣಗಾದಮೇಲೆ ಅವರನ್ನು ಗುರುಮಠಕಲ್ಲಿನಲ್ಲಿದ್ದ ಮಗಳ ಮನೆಗೆ ಕಳಿಸಲು ನಾನು ಯಾದಗಿರಿಯವರೆಗೆ ಜೊತೆಗೆ ಹೋದೆ. ಭೀಮಾ ನದಿಯ ದಂಡೆಯಲ್ಲಿ ದಾರಿ ಎರಡಾಗಿ ಒಡೆದಿತ್ತು. ನಾನು ಸೂರ್ಯನತ್ತ ತಲೆ ಎತ್ತಿದೆ. ಖಾಸಿಮಸಾಬ ನನ್ನ ತೋಳು ಹಿಡಿದ. “ನೀವು ನೋಡಬ್ಯಾಡ್ರಿ ಬಾಬಾ. ಯಾರನ್ನರ ಕೇಳೋಣು” ಎಂದ. ಎಷ್ಟೋ ದಿನಗಳ ಮೇಲೆ ಅವನ ಹೆಂಡತಿ ಸೆರಗಿನ ಮರೆಯಲ್ಲಿ ನಕ್ಕಳು.

ಈಗ ಆ ನಾಕಾ ಇಲ್ಲ. ತಾಳಿಕೋಟೆಯ ಬಸ್ಸು ಆ ಜಾಗದಲ್ಲಿ ವೇಗ ಕೂಡ ತಗ್ಗಿಸುವುದಿಲ್ಲ. ಮನುಷ್ಯರು ಕೂತು ಎಳೆದ ಗೆರೆ, ಮನುಷ್ಯರೇ ಅಳಿಸಿದರು. ಸೂರ್ಯನ ಗೆರೆ ಮಾತ್ರ ಇದ್ದಲ್ಲೇ ಇದೆ.

ಹೋದ ಆಗಸ್ಟಿನಲ್ಲಿ, ಸೂರ್ಯ ನೆತ್ತಿಗೆ ಬರುವ ದಿನ, ನಾನು ಶಹಾಪುರದ ಮನೆಯ ಅಂಗಳದಲ್ಲಿ ಒಂದು ಕಡ್ಡಿ ನೆಟ್ಟು ಕೂತಿದ್ದೆ. ಖಾಸಿಮಸಾಬ, ಅಂದು ಕೂಸಾಗಿದ್ದ ಅಕ್ಕನ ಹುಡುಗಿಗೆ ಬಳೆ ತಂದು ಕಟ್ಟೆಯ ಮೇಲೆ ಊಟಕ್ಕೆ ಕೂತಿದ್ದ. ಹನ್ನೆರಡು ದಾಟಿ ಬಹಳ ಹೊತ್ತಿನ ಮೇಲೆ ಕಡ್ಡಿಯ ನೆರಳು ಕುಗ್ಗಿ, ಕುಗ್ಗಿ, ಬುಡದಲ್ಲಿ ಇಲ್ಲವಾಯಿತು. ಹುಡುಗಿ ಬೆರಗಾಗಿ ತನ್ನ ಕಾಲ ಸುತ್ತ ನೋಡಿಕೊಂಡಳು. “ನೆರಳು ಎಲ್ಲಿ ಹೋತು, ಮಾಮಾ?”

ನಾನು ಗಂಟಲು ಸರಿಮಾಡಿಕೊಂಡು “ಅಕ್ಷಾಂಶ ಅಂದ್ರ...” ಎಂದು ಶುರುಮಾಡಿದೆ.

“ಅವನ್ನ ಕೇಳಬ್ಯಾಡ ಬೇಟಿ, ಹೊಳ್ಳಿ ನಾಕಾಕ್ಕ ಕರಕೊಂಡು ಬರ್ತಾನ” ಎಂದ ಖಾಸಿಮಸಾಬ, ತಟ್ಟೆಯಿಂದ ತಲೆ ಎತ್ತದೆ.

“ಏ ತಮ್ಮಾ, ಕಡ್ಡಿ ಸಾಕು, ಬಾ. ರೊಟ್ಟಿ ಆರಾಕತ್ತಾವ” ಎಂದಳು ಅಕ್ಕ ಒಳಗಿನಿಂದ.

ನೆರಳು ಎಲ್ಲೂ ಹೋಗಿರಲಿಲ್ಲ. ಅವರವರದು ಅವರವರ ಕಾಲ ಕೆಳಗೆ ಇತ್ತು. ಸ್ವಲ್ಪ ಹೊತ್ತು, ನಮ್ಮಲ್ಲಿ ಯಾರ ನೆರಳೂ ಯಾರ ಮೇಲೂ ಬಿದ್ದಿರಲಿಲ್ಲ. ಕಡ್ಡಿ ಕಿತ್ತಿಟ್ಟು ನಾನೂ ಕಟ್ಟೆ ಹತ್ತಿದೆ. ಖಾಸಿಮಸಾಬ ಸರಿದು ಜಾಗ ಕೊಟ್ಟ.