ಮುಂಬಯಿಯ ಬಸವಂತರಾವ್

1936ರಲ್ಲಿ ನಾನು ಧಾರವಾಡದಲ್ಲಿ ವಕೀಲಿ ಆರಂಭಿಸಿ ಕೆಲವೇ ವರ್ಷಗಳಾಗಿದ್ದವು. ಗಂಡ-ಹೆಂಡಿರ ತಂಟೆಗಳು ಹಿರಿಯ ವಕೀಲರಿಗೆ ಬೇಡವಾಗಿ ನನ್ನಂಥವರ ಪಾಲಿಗೆ ಬರುತ್ತಿದ್ದವು. ಗಿರಿಜವ್ವ ಬಂದದ್ದೂ ಹಾಗೆಯೇ.

ಆಕೆ ಬೈರಿದೇವರಕೊಪ್ಪದ ಸೊಸೆ. ಮದುವೆಯಾದ ಮರುವರ್ಷವೇ ಗಂಡ ಬಸಪ್ಪ ಮುಂಬಯಿಯ ಬಟ್ಟೆ ಗಿರಣಿ ಸೇರಿ, ಎಂಟು ವರ್ಷ ಅಲ್ಲೇ ಕಳೆದಿದ್ದ. ಹಾಸಿಗೆ ಹಿಡಿದ ಅತ್ತೆಯ ಸೇವೆಗೆ ಈಕೆ ಊರಲ್ಲೇ ಉಳಿದಳು. ಅತ್ತೆ ತೀರಿದ ಮೇಲೆ ಬಸಪ್ಪ ಹುಬ್ಬಳ್ಳಿಗೆ ಮರಳಿ, ಗಿರಣಿಯೊಂದರಲ್ಲಿ ಕೆಲಸಗಾರರ ಮೇಲ್ವಿಚಾರಣೆಯ ಮುಕಾದಮನಾಗಿ, ಅಲ್ಲಿನ ಕೇಶ್ವಾಪುರದಲ್ಲಿ ಹೆಂಡತಿಯೊಡನೆ ಮನೆ ಹಿಡಿದ.

ಗಿರಿಜವ್ವ ಪೋಟಗಿ ಕೇಳಲು ಬಂದಿದ್ದಳು. ಗಂಡನಿಂದ ಬೇರೆಯಾಗಿ ಬಾಳುವ ಹೆಂಡತಿಗೆ ಆತ ಕೊಡಬೇಕಾದ ಜೀವನಾಂಶ ಅದು. ಅದಕ್ಕೆ ಬಲವಾದ ಕಾರಣ ಬೇಕು.

“ಹೊಡೀತಾನೇನವ್ವಾ?”

“ಇಲ್ರಿ.”

“ಕುಡೀತಾನ?”

“ಇಲ್ರಿ. ದಿನಾ ತಾರಾಬಾಯಿ, ತಾರಾಬಾಯಿ ಅಂತಾರ್ರಿ.”

ತಾರಾಬಾಯಿ ಮುಂಬಯಿಯಲ್ಲಿ ಬಸಪ್ಪ ಉಣ್ಣುತ್ತಿದ್ದ ಖಾನಾವಳಿಯ ಒಡತಿ. ಊಟಕ್ಕೆ ಕುಳಿತರೆ ಆಕೆಯ ಸಾರು, ಎದ್ದರೆ ಆಕೆಯ ಚೇಷ್ಟೆಯ ಮಾತು. ಅವನಂತೆಯೇ ಮುಂಬಯಿ ಬಿಟ್ಟು ಬಂದ ಗೆಳೆಯರು ಮನೆಗೆ ಬಂದರೆ ಅವನನ್ನು ‘ಬಸವಂತರಾವ್’ ಎನ್ನುತ್ತಿದ್ದರು. ಮರಾಠಿಯಲ್ಲಿ ಹರಟಿ ಎಲ್ಲರೂ ನಗುವಾಗ ಗಿರಿಜವ್ವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

ದಾವೆ ಹಾಕುವ ಮೊದಲು ಬಸಪ್ಪನನ್ನು ಕರೆಸಿದೆ.

“ವಕೀಲ ಸಾಹೇಬ್ರ, ತಾರಾಬಾಯಿ ಅರವತ್ತು ದಾಟಿದ ಮುದುಕಿ. ನನ್ನ ತಾಯಿ ಇದ್ದಂಗ,” ಎಂದ.

ಕೇಸು ಅಲ್ಲಿಗೇ ಮುಗಿಯಿತೆಂದುಕೊಂಡೆ. ಅಲ್ಲೇ ಕುಳಿತಿದ್ದ ಗಿರಿಜವ್ವ ತಲೆ ಎತ್ತದೆಯೇ ಹೇಳಿದಳು:

“ಮುದುಕಿ ಇದ್ರ ಇರ್ಲಿರಿ. ಆಕಿ ವಯಸ್ಸಿಗೆ ನನ್ನ ಹೊಟ್ಟಿ ಉರಿಯೂದಿಲ್ಲ. ಇವರು ನಕ್ಕಿದ್ದು ಆಕಿ ಮುಂದ. ನನ್ನ ಪಾಲಿಗೆ ಬಂದದ್ದು ನಕ್ಕ ಕಥಿ ಅಷ್ಟ. ನನಗ ಪೋಟಗಿ ಬ್ಯಾಡ್ರಿ, ಒಮ್ಮೆ ಅಲ್ಲಿಗೆ ಕರ್ಕೊಂಡು ಹೋಗಂತ ಹೇಳ್ರಿ.”

ಬಸಪ್ಪ ರಜೆ ಸಿಗದು, ಉಳಿಯಲು ಜಾಗವಿಲ್ಲ ಎಂದೆಲ್ಲ ತಡವರಿಸಿದ. ಹಾಗಾದರೆ ದಾವೆ ಹಾಕುತ್ತೇನೆ ಎಂದು ನಾನು ಹೇಳಿದಾಗ ಒಪ್ಪಿಕೊಂಡ.

ಅವನ ಹಿಂಜರಿಕೆಯ ಕಾರಣ ಅವರಿಬ್ಬರೂ ಮರಳಿ ಬಂದಾಗ ತಿಳಿಯಿತು. ತಾರಾಬಾಯಿ ನಿಜಕ್ಕೂ ಮುದುಕಿಯೇ. ಆದರೆ ಗಿರಿಜವ್ವನನ್ನು ಕಂಡು ಆಕೆ, “ಈಕೆ ಯಾರು?” ಎಂದು ಕೇಳಿದಳಂತೆ. ಎಂಟು ವರ್ಷದಲ್ಲಿ ಬಸವಂತರಾವ್ ತನಗೆ ಮದುವೆಯಾಗಿದೆಯೆಂದು ಯಾರಿಗೂ ಹೇಳಿರಲಿಲ್ಲ. ಮನೆಗೆ ಬರುತ್ತಿದ್ದ ಗೆಳೆಯರೂ ಗಿರಿಜವ್ವನನ್ನು ಊರಿಗೆ ಮರಳಿದ ಮೇಲೆ ಮದುವೆಯಾದವಳೆಂದೇ ತಿಳಿದಿದ್ದರಂತೆ.

“ಇವರಿಗೆ ಕನ್ಯಾ ಸುದ್ಧಾ ನೋಡಿದ್ಳಂತ್ರಿ ಆಕಿ,” ಎಂದಳು ಗಿರಿಜವ್ವ.

ನಾನು ಬಸಪ್ಪನ ಕಡೆ ತಿರುಗಿದೆ. “ಯಾಕ ಹೇಳಲಿಲ್ಲೋ?”

“ಹೇಳಿದ್ರ ಎಲ್ಲಾರೂ ದಿನಾ ಕೇಳ್ತಿದ್ರು. ಕೇಳಿದ್ರ ನೆನಪಾಗ್ತಿದ್ಳು. ನೆನಪಾದ್ರ ಅಲ್ಲಿ ಇರಾಕ ಆಗ್ತಿರ್ಲಿಲ್ರಿ.”

“ಖರೇ ಇರಬೇಕು,” ಎಂದಳು ಆಕೆ. “ಆದ್ರ ಅಷ್ಟು ವರ್ಷ ನಾ ಯಾರ ಹೆಂಡ್ತಿ ಆಗಿದ್ದೆ?”

ಆದರೂ ಆಕೆ ದಾವೆ ಹಾಕಲಿಲ್ಲ. ಮುಂಬಯಿಯಲ್ಲಿ ವಿಷಯ ತಿಳಿದ ಕೂಡಲೇ ತಾರಾಬಾಯಿ ಬಸಪ್ಪನಿಗೆ ಚೆನ್ನಾಗಿ ಬೈದು, ಗಿರಿಜವ್ವನನ್ನು ತನ್ನ ಬಳಿಯೇ ಇಟ್ಟುಕೊಂಡು ಸಮುದ್ರ, ಟ್ರಾಮು, ಪೇಟೆ ಎಲ್ಲ ತೋರಿಸಿದ್ದಳಂತೆ.

ಕೆಲವು ತಿಂಗಳಾದ ಮೇಲೆ ಬಸಪ್ಪನೊಬ್ಬನೇ ಬಂದ. ಮುಖ ಬಾಡಿತ್ತು.

“ಈಗ ಓಣ್ಯಾಗ ಮುಂಬಯಿ ಕಥಿ ಹೇಳಾಕಿ ಆಕೀನ ರೀ. ಎಲ್ಲಾರೂ ಸುತ್ತ ಕೂತು ಕೇಳ್ತಾರ. ಆ ಕಥ್ಯಾಗ ನಾ ಗಂಟು ಹೊತ್ಕೊಂಡು ಹಿಂದ ಬರಾಂವ ಅಷ್ಟ. ಅದು ನನ್ನ ಮುಂಬಯಿ ಅಲ್ರೀ?”

ಅಂದು ಹೆಂಡತಿಯ ಮಾತಿನಲ್ಲಿದ್ದ ಉರಿಯೇ ಈಗ ಅವನ ಮಾತಿನಲ್ಲಿತ್ತು. ನನಗೆ ನಗು ಬರಲಿಲ್ಲ.

“ಮನಿಗೆ ಹೋಗಪ್ಪಾ. ಆಕಿ ಕಥಿ ಪೂರಾ ಕೇಳು. ಆಮ್ಯಾಲ ಆ ಎಂಟು ವರ್ಷ ಬೈರಿದೇವರಕೊಪ್ಪದಾಗ ಏನೇನಾತು ಅಂತ ಕೇಳು. ಅದನ್ನ ಇನ್ನೂ ಕೇಳಿಲ್ಲ ನೀ.”

ಅವನು ಕೇಳಿದನೋ ಇಲ್ಲವೋ ಗೊತ್ತಿಲ್ಲ. ಅವರು ಬೇರೆಯಾಗಲಿಲ್ಲ ಎಂಬುದಷ್ಟೇ ಗೊತ್ತು. ಅಂದಿನಿಂದ ದಂಪತಿಗಳು ಜಗಳ ತಂದಾಗ ತಪ್ಪು ಯಾರದೆಂದು ಕೇಳುವ ಮೊದಲು, ಯಾವ ಯಾವ ವರ್ಷ ಯಾರು ಯಾವ ಊರಿನಲ್ಲಿದ್ದಿರಿ ಎಂದು ಕೇಳತೊಡಗಿದೆ. ಹೊಲ ಹಂಚಿ ಕೊಡಿಸಿದ್ದೇನೆ, ಮನೆ ಹಂಚಿ ಕೊಡಿಸಿದ್ದೇನೆ. ಬೇರೆ ಬೇರೆ ಊರುಗಳಲ್ಲಿ ಕಳೆದ ಆಯುಷ್ಯವನ್ನು ಇಬ್ಬರಿಗೂ ಸೇರುವಂತೆ ಮಾಡುವುದು ಕೋರ್ಟಿನ ಕೈಯಲ್ಲಿಲ್ಲ.